ಗೆರೆ ಎಳೆದು ಬಣ್ಣ ಹಚ್ಚಿದೆ, ಇಡೀ ಕರಾವಳಿ ಕರಗಿಹೋಯಿತು: ಕಲ್ಪನೆಯ ದೇಶದ ನಕ್ಷೆ ಬರೆಯುವವರು ಯಾರಾದರೂ ಇದ್ದೀರಾ?

ಅಟ್ಟದಮೇಲೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇವತ್ತು ಸಂಕಟ ತಡೆಯಲಾಗದೆ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೆ ಹತ್ತು ವರ್ಷ. ಎರಡು ನೋಟ್‌ಬುಕ್ ತುಂಬ ಒಂದು ಕಥೆ ಬರೆದಿದ್ದಾಳೆ. ದೇಶದ ಹೆಸರು ಗುಬ್ಬಿನಾಡು. "ಚಿಕ್ಕಮ್ಮ, ಮ್ಯಾಪ್ ಇಲ್ಲದಿದ್ರೆ ಓದೋರು ದಾರಿ ತಪ್ತಾರೆ, ನೀನು ಬರೆದುಕೊಡು" ಅಂದಳು. ಶಾಲೆಯಲ್ಲಿ ಚೆನ್ನಾಗಿ ಚಿತ್ರ ಬರೆಯುತ್ತಿದ್ದೆ ಎಂಬ ಹಳೇ ಜಂಬ ನನ್ನದು. ಒಪ್ಪಿಕೊಂಡೆ.

ಎ3 ಡ್ರಾಯಿಂಗ್ ಶೀಟ್ ತಂದೆ. ಹದಿನೆಂಟು ರಾತ್ರಿ ಕೂತು ಫೌಂಟನ್ ಪೆನ್ನಿನಲ್ಲಿ ಬೆಟ್ಟ, ಕಾಡು, ಊರು, ಕರಿಕೋಟೆ, ಕಬ್ಬಿನ ಗದ್ದೆ ಎಲ್ಲ ಬರೆದೆ. ಮೊನ್ನೆ ಭಾನುವಾರ ಸಮುದ್ರಕ್ಕೆ ನೀಲಿ ಬಳಿದೆ. ಎರಡೇ ನಿಮಿಷ. ಕರಾವಳಿಯ ಗೆರೆ ಪೂರ್ತಿ ಕರಗಿ ನೀಲಿ-ಕಪ್ಪು ಗೊಚ್ಚೆ ಆಯಿತು. ಕಬ್ಬಿನ ಗದ್ದೆಗೂ ನುಗ್ಗಿದೆ. ಹಾಳೆ ಹಪ್ಪಳದ ಹಾಗೆ ಎದ್ದು ನಿಂತಿದೆ.

ಇದನ್ನು ಉಳಿಸಿಕೊಳ್ಳಬಹುದಾ? ಹೊಸದಾಗಿ ಬರೆಯುವುದಾದರೆ ಮೊದಲು ಗೆರೆಯಾ, ಮೊದಲು ಬಣ್ಣವಾ? ಫೋಟೊ ಹಾಕಿದ್ದೇನೆ. ನಗಬೇಡಿ.

ಸುಮ್ನೆ_ಓದೋನು

ನಗಲಿಲ್ಲ. ಸ್ವಲ್ಪ ನಕ್ಕೆ.

ನಿಬ್ಬುನಾಗ

ಮೇಡಂ, ತಪ್ಪು ಶಾಯಿಯದಲ್ಲ, ಶಾಯಿಯ ಜಾತಿಯದು. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಅಂದರೆ ನೀರಲ್ಲಿ ಕರಗಿದ ಬಣ್ಣ. ಒಣಗಿದ ಮೇಲೂ ನೀರು ಬಿದ್ದರೆ ಮತ್ತೆ ಕರಗುತ್ತದೆ. ನಿಮಗೆ ಬೇಕಿದ್ದದ್ದು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್. ಇಂಡಿಯಾ ಇಂಕ್ ಅಂತಾರಲ್ಲ, ಅದು. ಮಸಿಯ ಪುಡಿ ಮತ್ತು ಅರಗು ಇರುತ್ತದೆ, ಒಣಗಿದರೆ ಕೂತುಬಿಡುತ್ತದೆ. ಆದರೆ ಅದನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬೇಡಿ. ಅರಗು ಒಳಗೆ ಗಟ್ಟಿಯಾಗಿ ಪೆನ್ನು ಸತ್ತೇ ಹೋಗುತ್ತದೆ. ನಾನು ಅಪ್ಪನ ಪೆನ್ನು ಹಾಗೆ ಕೊಂದಿದ್ದೇನೆ, ಅವರಿಗೆ ಇವತ್ತಿಗೂ ಹೇಳಿಲ್ಲ.

ಅದ್ದಿ ಬರೆಯುವ ನಿಬ್ ತಗೊಳ್ಳಿ. ಅದು ಕಷ್ಟ ಅನಿಸಿದರೆ ಪಿಗ್ಮಾ ಮೈಕ್ರಾನ್ ತರಹದ, ನೀರಿಗೆ ಕರಗದ ಶಾಯಿಯ ಪೆನ್ನು. 01 ಅಂದರೆ ಕಾಲು ಮಿಲಿಮೀಟರ್ ಗೆರೆ, 05 ಅಂದರೆ ಸುಮಾರು ಅರ್ಧ ಮಿಲಿಮೀಟರ್. ಮರಕ್ಕೆ 01, ಕರಾವಳಿಗೆ 05. ಎರಡೇ ಸಾಕು.

ಕುಂಚಕೋಲು

ಶಾಯಿಯದು ಅರ್ಧ ಕಥೆ. ಇನ್ನರ್ಧ ಹಾಳೆ. ಡ್ರಾಯಿಂಗ್ ಶೀಟ್ ಪೆನ್ಸಿಲ್‌ಗೆ ಸರಿ, ನೀರಿಗೆ ಅಲ್ಲ. ವಾಟರ್ ಕಲರ್‌ಗೆ 300 ಜಿಎಸ್‌ಎಂ ಹಾಳೆ ಬೇಕು, ಅಂದರೆ ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗಬೇಕು. 200ಕ್ಕಿಂತ ಕಡಿಮೆ ಇದ್ದರೆ ಒದ್ದೆ ಆದ ಕೂಡಲೇ ಏಳುತ್ತದೆ, ನಿಮ್ಮ ಹಪ್ಪಳದ ಹಾಗೆ.

ಇನ್ನು ಮೊದಲು ಯಾವುದು ಅಂತ ಕೇಳಿದಿರಿ. ನನ್ನ ಮಟ್ಟಿಗೆ ಬಣ್ಣವೇ ಮೊದಲು. ತೆಳು ಪೆನ್ಸಿಲ್, ಮೇಲೆ ಬಣ್ಣ, ಒಂದು ರಾತ್ರಿ ಒಣಗಲಿ, ಆಮೇಲೆ ಗೆರೆ. ಗೆರೆಯ ಮೇಲೆ ಬಣ್ಣ ಹೋದರೆ ಕಪ್ಪು ಮಂಕಾಗುತ್ತದೆ. ಬಣ್ಣದ ಮೇಲೆ ಬರೆದ ಗೆರೆ ಹೊಳೆಯುತ್ತದೆ.

ನಿಬ್ಬುನಾಗ

ಇದನ್ನು ಒಪ್ಪಲ್ಲ. ಬಣ್ಣ ಮೊದಲು ಹಾಕಿದರೆ ಪೆನ್ಸಿಲ್ ಗೆರೆ ಬಣ್ಣದಡಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ರಬ್ಬರ್‌ಗೆ ಬಗ್ಗಲ್ಲ. ಮೇಲಾಗಿ ಒದ್ದೆಯಾಗಿ ಒಣಗಿದ ಹಾಳೆಯ ಮೈ ಒರಟಾಗಿರುತ್ತದೆ. ನಿಬ್ಬಿನ ಮೂತಿಗೆ ನಾರು ಸಿಕ್ಕಿಕೊಂಡು ಗೆರೆ ಮೀಸೆ ಬಿಡುತ್ತದೆ. ಗೆರೆ ಮೊದಲು, ಗಟ್ಟಿ ಶಾಯಿಯಲ್ಲಿ, ಆಮೇಲೆ ಬಣ್ಣ. ನೂರಾರು ವರ್ಷದ ಹಳೇ ಮುದ್ರಿತ ನಕ್ಷೆಗಳೂ ಹಾಗೇ. ಮೊದಲು ತಾಮ್ರದ ತಗಡಿನಿಂದ ಗೆರೆ ಅಚ್ಚಾಗುತ್ತಿತ್ತು, ಆಮೇಲೆ ಜನ ಕೂತು ಕೈಯಲ್ಲಿ ಬಣ್ಣ ತುಂಬುತ್ತಿದ್ದರು. 1570ರಲ್ಲಿ ಓರ್ಟೆಲಿಯಸ್ ಆಂಟ್‌ವರ್ಪ್‌ನಲ್ಲಿ ತಂದ ಅಟ್ಲಾಸಿನ ಬಣ್ಣದ ಪ್ರತಿಗಳು ಆಗಿದ್ದು ಹೀಗೇ.

ಕುಂಚಕೋಲು

ಅದು ಅಚ್ಚಿನ ಶಾಯಿ ಸ್ವಾಮಿ, ಎಣ್ಣೆಯದು. ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ತಂದು ಇಲ್ಲಿ ಸಾಕ್ಷಿ ಹೇಳಿಸಬೇಡಿ.

ಧಾರವಾಡಪೇಡೆ

ನೀವಿಬ್ರೂ ಜಗಳಾಡ್ರೀ, ಅಷ್ಟ್ರಾಗ ಅಕ್ಕಾರು ಎರಡು ಮ್ಯಾಪ್ ಮುಗಿಸ್ತಾರ.

ನಾ ಮಾಡೂದು ಹೇಳ್ತೀನಿ ನೋಡ್ರಿ. ಗೆರಿ ಮುಗಿದ ಮ್ಯಾಲ ಝೆರಾಕ್ಸ್ ಅಂಗಡಿಗೆ ಹೋಗಿ ನಾಕು ಪ್ರತಿ ತಗೀತೀನಿ, ಸ್ವಲ್ಪ ದಪ್ಪ ಹಾಳಿ ಮ್ಯಾಲ. ಝೆರಾಕ್ಸಿನ ಟೋನರ್ ನೀರಿಗೆ ಕರಗೂದಿಲ್ಲ. ಒಂದರ ಮ್ಯಾಲ ಬಣ್ಣ ಕೆಟ್ಟರ ಇನ್ನೊಂದು ಇರ್ತದ. ಇಂಕ್‌ಜೆಟ್ ಪ್ರಿಂಟ್ ಮಾತ್ರ ಬ್ಯಾಡ್ರೀ, ಅದೂ ಹರೀತದ.

ಅಟ್ಟದಮೇಲೆ

ಅಯ್ಯೋ, ಈ ಉಪಾಯ ಮೊದಲೇ ಗೊತ್ತಿದ್ದರೆ!

ಭೂಗೋಳಮೇಷ್ಟ್ರು

ಫೋಟೊ ದೊಡ್ಡದು ಮಾಡಿ ನೋಡಿದೆ. ಶಾಯಿಯದು ಬಿಡಿ. ನಿಮ್ಮ ಮಿಂಚುಹೊಳೆ ಬೆಟ್ಟದಲ್ಲಿ ಹುಟ್ಟಿ, ನಡುವೆ ಎರಡಾಗಿ ಒಡೆದು, ಒಂದು ಕವಲು ಪೂರ್ವದ ಸಮುದ್ರಕ್ಕೂ ಇನ್ನೊಂದು ಪಶ್ಚಿಮದ ಸಮುದ್ರಕ್ಕೂ ಹೋಗಿದೆ. ಹಾಗೆ ಆಗುವುದಿಲ್ಲ. ಹೊಳೆಗಳು ಇಳಿಯುತ್ತಾ ಒಂದಕ್ಕೊಂದು ಕೂಡುತ್ತವೆ, ಒಡೆಯುವುದಿಲ್ಲ. ನೀರು ಹೆಚ್ಚು ತಗ್ಗಿರುವ ಕಡೆ ನುಗ್ಗಿ ಅದನ್ನೇ ಇನ್ನೂ ಕೊರೆಯುತ್ತದೆ, ಇನ್ನೊಂದು ದಾರಿ ಒಣಗುತ್ತದೆ. ಕಲ್ಪನೆಯ ನಕ್ಷೆ ಬರೆಯುವವರಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಇದು.

ಕಡಲತಡಿ

ಒಡೆಯುವುದೇ ಇಲ್ವಾ ಮೇಷ್ಟ್ರೇ? ಕಾವೇರಿ ಶ್ರೀರಂಗಪಟ್ಟಣದಲ್ಲಿ ಏನು ಮಾಡ್ತದೆ? ಶಿವನಸಮುದ್ರದಲ್ಲಿ? ಗಗನಚುಕ್ಕಿ ಒಂದು ಕವಲು, ಭರಚುಕ್ಕಿ ಇನ್ನೊಂದು. ನಮ್ಮ ಕಡೆ ಹೊಳೆ ನಡುವೆ ಕುದ್ರು, ಅಂದರೆ ನಡುಗಡ್ಡೆ, ಎಷ್ಟು ಬೇಕು, ಜನ ತೆಂಗು ಹಾಕಿಕೊಂಡು ಮನೆ ಕಟ್ಟಿಕೊಂಡು ಇದ್ದಾರೆ.

ಭೂಗೋಳಮೇಷ್ಟ್ರು

ಒಪ್ಪಿದೆ, ಒಡೆಯುತ್ತದೆ. ಆದರೆ ನೀವೇ ಹೇಳಿದ ಕಡೆಯೆಲ್ಲ ಮತ್ತೆ ಕೂಡುತ್ತದೆ ಅಲ್ವಾ? ಗಗನಚುಕ್ಕಿ-ಭರಚುಕ್ಕಿ ಕೆಳಗೆ ಹೋಗಿ ಒಂದಾಗುತ್ತವೆ. ದ್ವೀಪ ಅಂದರೆ ಅದೇ. ಸಮುದ್ರದ ಹತ್ತಿರ ಮುಖಜ ಭೂಮಿಯಲ್ಲಿ ಕವಲೊಡೆಯುವುದು ಬೇರೆ, ಅಲ್ಲಿ ನೆಲ ಚಪ್ಪಟೆ. ಬೆಟ್ಟದ ನಾಡಿನ ನಡುವೆ ಒಡೆದು ಎರಡು ಬೇರೆ ಸಮುದ್ರ ಸೇರುವುದು ಬೇರೆ.

ಸುಮ್ನೆ_ಓದೋನು

ಅಮೆರಿಕದ ವಯೋಮಿಂಗ್‌ನಲ್ಲಿ ಒಂದು ತೊರೆ ಇದೆ, ಹೆಸರೇ ಟೂ ಓಷನ್ ಕ್ರೀಕ್. ಒಡೆದು ಒಂದು ಪಾಲು ಪೆಸಿಫಿಕ್‌ಗೆ, ಒಂದು ಪಾಲು ಅಟ್ಲಾಂಟಿಕ್‌ಗೆ ಹೋಗುತ್ತದೆ. ದಕ್ಷಿಣ ಅಮೆರಿಕದಲ್ಲಿ ಒರಿನೊಕೊ ನದಿಯ ನೀರು ಕಾಸಿಕಿಯಾರೆ ಎಂಬ ಕವಲಿನಲ್ಲಿ ಹರಿದು ಅಮೆಜಾನ್ ಕಡೆ ಹೋಗುತ್ತದೆ. 1800ರಲ್ಲಿ ಹಂಬೋಲ್ಟ್ ಎಂಬ ಜರ್ಮನ್ ಅನ್ವೇಷಕ ದೋಣಿಯಲ್ಲಿ ಹೋಗಿ ನೋಡಿ ಬಂದಿದ್ದ.

ಭೂಗೋಳಮೇಷ್ಟ್ರು

ಇಡೀ ಭೂಮಿ ಹುಡುಕಿ ಎರಡು ತಂದಿರಿ. ಅದೇ ನನ್ನ ಮಾತು.

ಅಟ್ಟದಮೇಲೆ

ಮೇಷ್ಟ್ರೇ, ತೊಂದರೆ ಏನೆಂದರೆ ಅದು ನನ್ನ ತಪ್ಪಲ್ಲ, ಕಥೆಯಲ್ಲೇ ಹಾಗಿದೆ. ಹುಡುಗಿಯ ದೋಣಿ ಪೂರ್ವದ ಸಮುದ್ರಕ್ಕೆ ಹೋಗಬೇಕು, ಕರಿಕೋಟೆ ರಾಜನ ದೋಣಿ ಪಶ್ಚಿಮಕ್ಕೆ. ಇಬ್ಬರೂ ಒಂದೇ ಹೊಳೆಯಲ್ಲಿ ಹೊರಡುತ್ತಾರೆ. ಮೂರು ಅಧ್ಯಾಯ ಅದರ ಮೇಲೇ ನಿಂತಿದೆ. ಹೊಳೆ ಒಡೆಯಲ್ಲ ಅಂತ ಅವಳಿಗೆ ಹೇಳಿದೆ. "ಗುಬ್ಬಿನಾಡಲ್ಲಿ ಒಡೆಯುತ್ತೆ" ಅಂದಳು.

ಪಿಕ್ಸೆಲ್_ಪುಟ್ಟ

ಇದೆಲ್ಲ ಟ್ಯಾಬ್ಲೆಟ್‌ನಲ್ಲಿ ಮಾಡಿದ್ದರೆ ಒಂದು ಅನ್‌ಡೂ ಒತ್ತಿದರೆ ಮುಗೀತಿತ್ತು. ಬೆಟ್ಟದ ಬ್ರಷ್ ಪುಕ್ಕಟೆ ಸಿಗುತ್ತದೆ, ಕಾಡಿನ ಬ್ರಷ್ ಸಿಗುತ್ತದೆ, ಹತ್ತು ನಿಮಿಷದಲ್ಲಿ ಒಂದು ಖಂಡ. 2024 ದಾಟಿದರೂ ಹದಿನೆಂಟು ರಾತ್ರಿ ಯಾಕೆ ಕೂರುತ್ತೀರಿ?

ನಿಬ್ಬುನಾಗ

ಬಂದ್ರಪ್ಪ.

ಧಾರವಾಡಪೇಡೆ

ಹತ್ತು ನಿಮಿಷದಾಗ ಆಗಿದ್ದು ಹತ್ತು ನಿಮಿಷದಾಗ ಬೇಜಾರಾಗ್ತದ.

ಪಿಕ್ಸೆಲ್_ಪುಟ್ಟ

ಸರಿ ಸರಿ, ಹೊಡೀಬೇಡಿ. ಒಂದು ಉಪಯೋಗದ ಮಾತು ಹೇಳಿ ಹೋಗ್ತೀನಿ. ಬಣ್ಣ ಹಾಕುವ ಮೊದಲು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಎ3 ಸ್ಕ್ಯಾನರ್ ಇಲ್ಲದ ಅಂಗಡಿಯಾದರೆ ಎರಡು ಅರ್ಧ ಮಾಡಿಸಿ ಜೋಡಿಸಬಹುದು.

ಹಳೇ_ಡ್ರಾಫ್ಟ್ಸ್‌ಮನ್

ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. ಟ್ರೇಸಿಂಗ್ ಬಟ್ಟೆ, ಆಮೇಲೆ ಟ್ರೇಸಿಂಗ್ ಫಿಲ್ಮ್, ಕೊನೆಗೆ ಕಂಪ್ಯೂಟರ್ ಬಂತು, ನಾನು ರಿಟೈರ್ ಆದೆ. ನನ್ನದು ಕಲ್ಪನೆಯ ದೇಶ ಅಲ್ಲ. ಆದರೆ ಎಷ್ಟೋ ಯೋಜನೆಗಳು ನಕ್ಷೆಯಲ್ಲೇ ಉಳಿದವು, ಹಾಗಾಗಿ ಹೆಚ್ಚು ವ್ಯತ್ಯಾಸ ಇಲ್ಲ ಅನ್ನಿ.

ತಂಗಿ, ನಿಮ್ಮ ಫೋಟೊದಲ್ಲಿ ನನಗೆ ಕಂಡ ದೊಡ್ಡ ತೊಂದರೆ ಶಾಯಿಯೂ ಅಲ್ಲ, ಹೊಳೆಯೂ ಅಲ್ಲ. ಹೆಸರುಗಳು. ಬೆಟ್ಟ ಎಲ್ಲ ಬರೆದಾದ ಮೇಲೆ ಉಳಿದ ಸಂದಿಯಲ್ಲಿ ಹೆಸರು ತುರುಕಿದ್ದೀರಿ. ನಾವು ಉಲ್ಟಾ ಮಾಡುತ್ತಿದ್ದೆವು. ಮೊದಲು ಹೆಸರು, ಆಮೇಲೆ ಅದರ ಸುತ್ತ ಬೆಟ್ಟ. ಹೆಸರಿಗೆ ಜಾಗ ಬಿಟ್ಟು ಗುಡ್ಡದ ಗೆರೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗುಡ್ಡದ ಮೇಲೆ ಹೆಸರು ಹತ್ತಿಸಿದರೆ ಎರಡೂ ಕಾಣುವುದಿಲ್ಲ.

ಅದರಲ್ಲೂ ಕನ್ನಡ ಅಕ್ಷರಕ್ಕೆ ಜಾಗ ಜಾಸ್ತಿ ಬೇಕು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯುವಾಗ ಎರಡು ಗೆರೆ ಎಳೆದುಕೊಂಡರೆ ಸಾಕು. ನಮಗೆ ಮೂರು ಬೇಕು: ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಕ್ಷರದ ಕಾಲಿಗೆ ಇನ್ನೊಂದು. ಹೊಳೆಯ ಹೆಸರನ್ನು ಹೊಳೆಯ ಮೇಲ್ಗಡೆಯೇ ಬರೆಯಿರಿ, ಅದೂ ಮೂರನೇ ಗೆರೆ ಹೊಳೆಗೆ ತಾಗದ ಹಾಗೆ. ಇಲ್ಲದಿದ್ದರೆ ಒತ್ತು ನೀರಿಗೆ ಇಳಿಯುತ್ತದೆ. ಕೃಷ್ಣಾ ಎಂದು ಬರೆದರೆ ಗೊತ್ತಾಗುತ್ತದೆ, ವಟ್ರುಸುಳಿ ಒಂದು ಕಡೆ, ಣ ಒತ್ತು ಒಂದು ಕಡೆ. ಸಮುದ್ರದ ಹೆಸರನ್ನು ಅಕ್ಷರ ಬಿಡಿಬಿಡಿಯಾಗಿ ದೂರ ದೂರ ಹರಡಬಹುದು, ನೋಡಲು ಚೆಂದ, ಆದರೆ ಒತ್ತು ತನ್ನ ಅಕ್ಷರ ಬಿಟ್ಟು ಹೋಗಬಾರದು.

ಇನ್ನೊಂದು. ನಮಗೆ ದೊಡ್ಡಕ್ಷರ-ಚಿಕ್ಕಕ್ಷರ ಇಲ್ಲ. ರಾಜಧಾನಿ ಯಾವುದು, ಹಳ್ಳಿ ಯಾವುದು ಎಂದು ಅಕ್ಷರದ ಅಳತೆಯಿಂದಲೋ ಬಣ್ಣದಿಂದಲೋ ತೋರಿಸಬೇಕು. ನಾನು ನೀರಿನ ಹೆಸರೆಲ್ಲ ನೀಲಿ, ಬೆಟ್ಟದ್ದು ಕಂದು, ಊರಿನದು ಕಪ್ಪು ಮಾಡುತ್ತಿದ್ದೆ. ಸರ್ವೆ ಆಫ್ ಇಂಡಿಯಾದ ಟೊಪೊಶೀಟ್ (ನೆಲದ ಏರಿಳಿತ ತೋರಿಸುವ ನಕ್ಷೆ) ನೋಡಿ, ನೀರು ನೀಲಿ, ಎತ್ತರದ ಗೆರೆ ಕಂದು, ಕಾಡು ಹಸಿರು, ಸಾಗುವಳಿ ಹಳದಿ, ಊರು ಕೆಂಪು. ಅದು ಕಣ್ಣಿಗೆ ಅಭ್ಯಾಸವಾಗಿರುವ ಭಾಷೆ, ಬದಲಾಯಿಸುವ ಅಗತ್ಯ ಇಲ್ಲ.

ಅಟ್ಟದಮೇಲೆ

ಅಣ್ಣಾ, ಇದನ್ನು ಬರೆದು ಗೋಡೆಗೆ ಅಂಟಿಸಿಕೊಂಡೆ. ನಿಜವಾಗಿಯೂ.

ತಪ್ಪು ಅಕ್ಷರ ಬರೆದುಬಿಟ್ಟರೆ ಆಗ ನೀವು ಏನು ಮಾಡುತ್ತಿದ್ದಿರಿ? ವೈಟ್ನರ್?

ಹಳೇ_ಡ್ರಾಫ್ಟ್ಸ್‌ಮನ್

ವೈಟ್ನರ್ ಹಚ್ಚಿದರೆ ಸಾಹೇಬರು ಹಾಳೆ ಎಸೆಯುತ್ತಿದ್ದರು. ಗಡ್ಡದ ಬ್ಲೇಡ್ ಅರ್ಧ ಮುರಿದು, ಮಲಗಿಸಿ ಹಿಡಿದು, ಹಗುರಾಗಿ ಕೆರೆಯಬೇಕು. ಆಮೇಲೆ ಉಗುರಿನ ಬೆನ್ನಲ್ಲಿ ಉಜ್ಜಿ ನುಣುಪು ಮಾಡಬೇಕು. 300 ಜಿಎಸ್‌ಎಂ ಹಾಳೆ ಒಂದು ಸಲ ತಡೆಯುತ್ತದೆ. ಎರಡನೇ ಸಲ ತೂತು. ಮತ್ತೆ ಕೆರೆದ ಜಾಗಕ್ಕೆ ಆಮೇಲೆ ನೀರು ತಾಗಿಸಬಾರದು, ಬ್ಲಾಟಿಂಗ್ ಪೇಪರಿನ ಹಾಗೆ ಹೀರುತ್ತದೆ.

ಕುಂಚಕೋಲು

ಹೀರುವುದಕ್ಕೆ ಕಾರಣ ಇದೆ. ವಾಟರ್ ಕಲರ್ ಹಾಳೆಯ ಮೈಗೆ ಸಾಮಾನ್ಯವಾಗಿ ಜೆಲಟಿನ್ ತರಹದ ಗಂಜಿ ಕೊಟ್ಟಿರುತ್ತಾರೆ. ಅದರಿಂದಲೇ ಬಣ್ಣ ಮೇಲೆ ನಿಂತು ಆಟ ಆಡಲು ಸಮಯ ಕೊಡುತ್ತದೆ. ಕೆರೆದರೆ ಗಂಜಿ ಹೋಯಿತು.

ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಹಾಳೆಯನ್ನು ಬೀರುವಿನಲ್ಲಿ ಸುಮ್ನೆ ಇಟ್ಟರೆ ಗಂಜಿಗೆ ಬೂಷ್ಟು ಹಿಡಿಯುತ್ತದೆ. ನೋಡಲು ಏನೂ ಕಾಣುವುದಿಲ್ಲ. ಬಣ್ಣ ಹಚ್ಚಿದಾಗ ಮಾತ್ರ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಪ್ಪಗೆ ಇಳಿಯುತ್ತದೆ. ನಾನು ಒಂದು ಜುಲೈನಲ್ಲಿ ಹೀಗೆ ಐದು ಒಳ್ಳೆ ಹಾಳೆ ಕಳೆದುಕೊಂಡೆ. ಪ್ಲಾಸ್ಟಿಕ್ ಕವರಿಗೆ ಹಾಕಿ, ಶೂ ಡಬ್ಬದಲ್ಲಿ ಬರುತ್ತದಲ್ಲ ಸಿಲಿಕಾ ಪೊಟ್ಟಣ, ಅದನ್ನು ಸೇರಿಸಿ ಬಾಯಿ ಕಟ್ಟಿಡಿ.

ಅಟ್ಟದಮೇಲೆ

ನಮ್ಮದು ತೀರ್ಥಹಳ್ಳಿ ಹತ್ತಿರ. ಈಗ ಮಳೆ ಹೇಗೆ ಹೊಡೆಯುತ್ತಿದೆ ಅಂದರೆ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ. ಶಾಯಿ ಒಣಗುತ್ತಾ?

ಕಡಲತಡಿ

ಬಚ್ಚಲ ಹಂಡೆ ಒಲೆ ಹತ್ತಿರ ಇಡಿ ಮಾರಾಯ್ರೆ. ನಾವು ಹಪ್ಪಳ, ಪುಸ್ತಕ, ಯೂನಿಫಾರ್ಮ್ ಎಲ್ಲ ಅಲ್ಲೇ.

ನಿಬ್ಬುನಾಗ

ಒಲೆ ಬೇಡ, ಹೊಗೆ ಹಿಡಿಯುತ್ತದೆ. ಫ್ಯಾನ್ ಕೆಳಗೆ ಒಂದು ರಾತ್ರಿ ಪೂರ್ತಿ ಬಿಡಿ. ಬೆರಳಿಗೆ ಒಣಗಿದೆ ಅನಿಸಿದರೂ ನಂಬಬೇಡಿ. ಬಳಸುವ ಹಾಳೆಯ ತುಂಡಿನ ಮೇಲೆ ಅದೇ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆದು ಪಕ್ಕದಲ್ಲಿಡಿ. ಮಾರನೇ ದಿನ ಆ ತುಂಡಿಗೆ ಮೊದಲು ನೀರು ಹಚ್ಚಿ ನೋಡಿ. ಇಷ್ಟು ಮಾಡಿದ್ದರೆ ನಿಮ್ಮ ಹದಿನೆಂಟು ರಾತ್ರಿ ಉಳಿಯುತ್ತಿತ್ತು.

ಸುಮ್ನೆ_ಓದೋನು

ಹಳೇ ನಕ್ಷೆಯ ಹಾಗೆ ಕಾಣಲು ಚಹಾ ಬಳಿಯುತ್ತಾರಲ್ಲ, ಅದು ಹೇಗೆ? ನಾನು ಒಮ್ಮೆ ಮಾಡಿದೆ. ಇರುವೆ ಬಂದವು.

ಧಾರವಾಡಪೇಡೆ

ಸಕ್ರಿ ಹಾಕಿದ ಚಾ ಬಳದೀರೇನ್ರೀ??

ಸುಮ್ನೆ_ಓದೋನು

ಕುಡಿದು ಉಳಿದದ್ದು. ಹೌದು.

ಕುಂಚಕೋಲು

ಚಹಾ ಬೇಡವೇ ಬೇಡ. ಅದರಲ್ಲಿ ಆಮ್ಲ ಇರುತ್ತದೆ, ಹಾಳೆ ವರ್ಷಗಳಲ್ಲಿ ಪುಡಿಪುಡಿ ಆಗುತ್ತದೆ. ಹಳೆಯದು ಕಾಣಬೇಕಾ, ಯೆಲ್ಲೋ ಓಕರ್‌ಗೆ ಒಂದು ಚಿಟಿಕೆ ಬರ್ಂಟ್ ಅಂಬರ್ ಸೇರಿಸಿ, ನೀರು ಜಾಸ್ತಿ ಹಾಕಿ, ಇಡೀ ಹಾಳೆಗೆ ಒಂದು ಕೈ. ಎರಡೂ ಮಣ್ಣಿನ ಬಣ್ಣ, ಬಿಸಿಲಿಗೂ ಮಾಸುವುದಿಲ್ಲ. ಅದೇ ಅಲಿಝರಿನ್ ಕ್ರಿಮ್ಸನ್ ಎಂಬ ಕೆಂಪು ನೋಡಿ, ಕಿಟಕಿ ಪಕ್ಕ ಇಟ್ಟರೆ ಕೆಲವೇ ವರ್ಷದಲ್ಲಿ ಬಿಳಚಿಕೊಳ್ಳುತ್ತದೆ.

ಬಣ್ಣದ ಪೆಟ್ಟಿಗೆ ದೊಡ್ಡದು ಬೇಕಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು, ಓಕರ್, ಒಂದು ಹಸಿರು. ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ಬೆರೆಸಿದರೆ ಒಳ್ಳೆ ಬೂದು ಬರುತ್ತದೆ, ಬೆಟ್ಟದ ನೆರಳಿಗೆ ಅದೇ. ಮತ್ತೆ ಅಲ್ಟ್ರಾಮರೀನ್ ಕಣ ಕಣವಾಗಿ ಹಾಳೆಯ ಗುಳಿಯಲ್ಲಿ ಕೂರುತ್ತದೆ, ಸಮುದ್ರಕ್ಕೆ ಏನೂ ಮಾಡದೆ ಅಲೆ ಬರುತ್ತದೆ. ಥ್ಯಾಲೊ ನೀಲಿ ಚೆಂದ ಇದೆ, ಆದರೆ ಹಾಳೆಗೆ ಕಚ್ಚಿಕೊಂಡರೆ ಒರೆಸಲು ಬರುವುದಿಲ್ಲ. ಮೊದಲ ನಕ್ಷೆಗೆ ಬೇಡ.

ಭೂಗೋಳಮೇಷ್ಟ್ರು

ನೆರಳಿನ ಮಾತು ಬಂತು. ಬೆಟ್ಟದ ನೆರಳೆಲ್ಲ ಒಂದೇ ಕಡೆ ಬೀಳಬೇಕು. ನಿಮ್ಮ ಮೂರುಕಣ್ಣು ಬೆಟ್ಟಕ್ಕೆ ನೆರಳು ಬಲಕ್ಕಿದೆ, ಪಕ್ಕದ್ದಕ್ಕೆ ಎಡಕ್ಕಿದೆ. ಎರಡು ಸೂರ್ಯ ಇದ್ದಾರಾ? ನಕ್ಷೆಯ ರೂಢಿ ಎಂದರೆ ಬೆಳಕು ಎಡಗಡೆ ಮೇಲಿನಿಂದ, ನೆರಳು ಬಲಗಡೆ ಕೆಳಗೆ.

ಕಡಲತಡಿ

ಎಡಗಡೆ ಮೇಲೆ ಅಂದರೆ ವಾಯವ್ಯ. ಸೂರ್ಯ ಅಲ್ಲಿ ಯಾವಾಗ ಇರ್ತಾನೆ?

ಭೂಗೋಳಮೇಷ್ಟ್ರು

ಯುರೋಪಿನಲ್ಲಿ ಬೇಸಿಗೆಯ ಸಂಜೆ ಬಿಟ್ಟರೆ ಇರುವುದೇ ಇಲ್ಲ. ಆದರೂ ಅವರೇ ಮಾಡಿದ ರೂಢಿ ಅದು. ಕಾರಣ ಸೂರ್ಯ ಅಲ್ಲ, ಕಣ್ಣು. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಕೆಳಗಿನಿಂದ ಬೆಳಕು ಬಿದ್ದ ಹಾಗೆ ಬರೆದರೆ ಬೆಟ್ಟ ಗುಂಡಿಯ ಹಾಗೆ ಕಾಣುತ್ತದೆ. ಬೇಕಾದರೆ ಒಂದು ಬೆಟ್ಟದ ಚಿತ್ರ ತಲೆಕೆಳಗು ಹಿಡಿದು ನೋಡಿ.

ಅಂದಹಾಗೆ ನಮ್ಮ ಕಡೆ ಅಷ್ಟು ಸುಳ್ಳೂ ಅಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಂದು, ಆಗಸ್ಟ್ 18ರ ಸುಮಾರಿಗೆ ಒಂದು ಶೂನ್ಯ ನೆರಳಿನ ದಿನ ಬರುತ್ತದೆ, ಅಂದರೆ ನಡುಹಗಲಲ್ಲಿ ಸೂರ್ಯ ನೇರ ನೆತ್ತಿಗೇ ಬರುವ ದಿನ. ಆ ಎರಡರ ನಡುವೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಸಂಜೆ ಆದರೆ ವಾಯವ್ಯಕ್ಕೆ ಇಳಿಯುತ್ತಾನೆ.

ನಿಬ್ಬುನಾಗ

ಬೆಟ್ಟಕ್ಕೆ ಗೆರೆ ನೆರಳು ಹಾಕುವುದಾದರೆ ಅಡ್ಡಗೆರೆ ಬೇಡ, ನೀರು ಇಳಿಯುವ ದಿಕ್ಕಿಗೆ ಗೆರೆ ಎಳೆಯಿರಿ. ಕಡಿದಾದ ಕಡೆ ದಪ್ಪ, ಇಳಿಜಾರು ಕಮ್ಮಿ ಇದ್ದ ಕಡೆ ತೆಳು. 1799ರಲ್ಲಿ ಲೇಮನ್ ಎಂಬ ಜರ್ಮನ್ ಸೈನಿಕ ಇದಕ್ಕೆ ಲೆಕ್ಕ ಹಾಕಿ ಕ್ರಮ ಮಾಡಿದ. ನಿಮಗೆ ಲೆಕ್ಕ ಬೇಡ, ದಿಕ್ಕು ಸಾಕು.

ಸುಮ್ನೆ_ಓದೋನು

ಸಮುದ್ರದಲ್ಲಿ "ಇಲ್ಲಿ ಡ್ರ್ಯಾಗನ್‌ಗಳಿವೆ" ಅಂತ ಬರೆಯಿರಿ. ಹಳೇ ಮ್ಯಾಪ್‌ಗಳಲ್ಲಿ ಎಲ್ಲ ಇರುತ್ತಿತ್ತಂತೆ.

ಭೂಗೋಳಮೇಷ್ಟ್ರು

ಇರುತ್ತಿರಲಿಲ್ಲ. ಆ ಮಾತಿಗೆ ಎಲ್ಲರೂ ತೋರಿಸುವುದು 1510ರ ಆಸುಪಾಸಿನ ಒಂದು ಪುಟ್ಟ ತಾಮ್ರದ ಗೋಳವನ್ನು, ನ್ಯೂಯಾರ್ಕ್‌ನ ಗ್ರಂಥಾಲಯದಲ್ಲಿದೆ. ಪ್ರಾಣಿಗಳ ಚಿತ್ರ ಬೇಕಾದಷ್ಟು ಇವೆ, ಅದು ನಿಜ. 1539ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಓಲಾಸ್ ಮ್ಯಾಗ್ನಸ್‌ನ ನಕ್ಷೆಯಲ್ಲಿ ಹಡಗು ನುಂಗುವ ಮೀನು, ಸುತ್ತಿಕೊಳ್ಳುವ ಹಾವು ಎಲ್ಲ ಇವೆ.

ಕಲ್ಪನೆಯ ನಕ್ಷೆ ಅಂತ ನಾವು ನಗುತ್ತೇವೆ. 1798ರಲ್ಲಿ ಜೇಮ್ಸ್ ರೆನೆಲ್ ಪಶ್ಚಿಮ ಆಫ್ರಿಕದ ನಕ್ಷೆಯಲ್ಲಿ ಕಾಂಗ್ ಪರ್ವತಗಳು ಅಂತ ಒಂದು ಸಾಲು ಬೆಟ್ಟ ಬರೆದ. ಸುಮಾರು ತೊಂಬತ್ತು ವರ್ಷ ಎಲ್ಲರೂ ನಕಲು ಮಾಡಿದರು. ಬಿಂಜೆ ಎಂಬ ಫ್ರೆಂಚ್ ಅಧಿಕಾರಿ ನಡೆದುಕೊಂಡು ಹೋಗಿ ನೋಡಿದರೆ ಬೆಟ್ಟವೇ ಇಲ್ಲ. ಇದೇ ರೆನೆಲ್ ಬಂಗಾಳವನ್ನು ಅಳೆದು ಬಹಳ ಒಳ್ಳೆ ನಕ್ಷೆ ಮಾಡಿದ್ದವನು.

ಕಡಲತಡಿ

ಸಮುದ್ರ ಅಂದಾಗ ನೆನಪಾಯ್ತು. ನಮ್ಮ ಪುರಾಣದ ನಕ್ಷೆ ಯಾಕೆ ಯಾರೂ ಬರೆಯಲ್ಲ? ನಡುವೆ ಮೇರು, ಸುತ್ತ ಜಂಬೂದ್ವೀಪ, ಅದರ ಸುತ್ತ ಉಪ್ಪಿನ ಸಮುದ್ರ. ಆಮೇಲೆ ಒಂದೊಂದು ದ್ವೀಪ ಬಿಟ್ಟು ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲು, ಕೊನೆಗೆ ಸಿಹಿನೀರು. ಏಳು ಬಳೆ ಒಂದರೊಳಗೊಂದು ಇಟ್ಟ ಹಾಗೆ.

ಕುಂಚಕೋಲು

ಬರೆದಿದ್ದಾರೆ. ಜೈನರಲ್ಲಿ ಅಢಾಯಿ ದ್ವೀಪ ಎಂದು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ಪಟಗಳಿವೆ, ಗುಜರಾತ್-ರಾಜಸ್ಥಾನದ ಕಡೆಯವು. ಎರಡೂವರೆ ದ್ವೀಪ, ನಡುವೆ ಸಮುದ್ರದ ಉಂಗುರ, ಅದರೊಳಗೆ ಮೀನು, ಈಜುವ ಜನ. ಕಲ್ಪನೆಯ ನಕ್ಷೆ ಬರೆಯುವವರೆಲ್ಲ ಒಮ್ಮೆ ನೋಡಬೇಕು. ಅಲೆ ಬರೆಯುವ ಬಗೆ ಅಲ್ಲಿ ಕಲಿಯಬಹುದು, ಬುಟ್ಟಿ ಹೆಣೆದ ಹಾಗೆ ಗೆರೆ.

ಆದರೆ ನಿಮ್ಮ ಮೊಸರಿನ ಸಮುದ್ರವನ್ನು ವಾಟರ್ ಕಲರ್‌ನಲ್ಲಿ ಬರೆಯುವುದು ಹೇಗೆ? ಇದರಲ್ಲಿ ಬಿಳಿ ಅಂದರೆ ಖಾಲಿ ಹಾಳೆ.

ಧಾರವಾಡಪೇಡೆ

ಹಾಲು ಖಾಲಿ ಬಿಡ್ರಿ. ಮೊಸರಿಗೆ ನಾಕು ಸಾಸಿವಿ ಕಾಳು, ಒಂದು ಕರಿಬೇವು ಬರೀರಿ.

ಕಡಲತಡಿ

ಊಟದ ಹೊತ್ತು. ಹೊರಟೆ.

ನಿರ್ವಾಹಕ

ಸ್ನೇಹಿತರೇ, ಮಜ್ಜಿಗೆಗೆ ಹೋಗುವ ಮೊದಲು ವಿಷಯಕ್ಕೆ ಬನ್ನಿ. ಪೋಸ್ಟ್ ಹಾಕಿದವರ ಹೊಳೆ ಇನ್ನೂ ಒಡೆದೇ ಇದೆ.

ಹಳೇ_ಡ್ರಾಫ್ಟ್ಸ್‌ಮನ್

ಹೊಳೆಗೆ ದಾರಿ ಇದೆ. ಹೊಳೆ ತಾನಾಗಿ ಒಡೆಯುವುದಿಲ್ಲ, ಮನುಷ್ಯ ಒಡೆಯುತ್ತಾನೆ. ಅಣೆಕಟ್ಟೆ ಕಟ್ಟಿ ಕಾಲುವೆ ತೋಡಿದರೆ ಮುಗಿಯಿತು. ಹಂಪಿಯಲ್ಲಿ ತುರ್ತು ಕಾಲುವೆ ವಿಜಯನಗರದ ಕಾಲದ್ದು, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ನಕ್ಷೆಯಲ್ಲಿ ಹೊಳೆ ಸೊಟ್ಟ, ಕಾಲುವೆ ನೆಟ್ಟಗೆ. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಭೂಗೋಳಮೇಷ್ಟ್ರು

ಇದು ಸರಿ. ಆದರೆ ಕಾಲುವೆ ದಿಣ್ಣೆ ದಾಟುವ ಜಾಗದಲ್ಲಿ ಬೆಟ್ಟ ತಗ್ಗಾಗಿರಲಿ. ಕುದುರೆಮುಖದ ಕಡೆ ನೋಡಿ, ಗಂಗಾಮೂಲದ ಸುತ್ತ ಹುಟ್ಟುವ ತುಂಗಾ, ಭದ್ರಾ ಪೂರ್ವಕ್ಕೆ ಹೋಗುತ್ತವೆ, ನೇತ್ರಾವತಿ ಪಶ್ಚಿಮಕ್ಕೆ. ಒಂದು ಏಣು ಅಷ್ಟೇ ನಡುವೆ. ಅಂಥ ಕಡೆ ಕೊರೆದರೆ ಒಪ್ಪಬಹುದು.

ಜೊತೆಗೆ ಒಂದು ವಿನಂತಿ. ಮಳೆಗಾಳಿ ಪಶ್ಚಿಮದಿಂದ ಬರುವುದಾದರೆ ಬೆಟ್ಟದ ಪಶ್ಚಿಮಕ್ಕೆ ದಟ್ಟ ಕಾಡು, ಪೂರ್ವಕ್ಕೆ ಒಣ ಬಯಲು ಬರೆಯಿರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ, ಚಳ್ಳಕೆರೆ ಕಡೆ 500ರ ಆಸುಪಾಸು. ನೀವು ಪಶ್ಚಿಮಕ್ಕೆ ಮರುಭೂಮಿ ಇಟ್ಟಿದ್ದೀರಿ.

ಅಟ್ಟದಮೇಲೆ

ಅವಳಿಗೆ ಕಾಲುವೆ ವಿಷಯ ಓದಿ ಹೇಳಿದೆ. ಒಂದು ನಿಮಿಷ ಯೋಚನೆ ಮಾಡಿ, "ಹಾಗಾದರೆ ಕಾಲುವೆ ತೋಡಿಸಿದ್ದು ಕರಿಕೋಟೆ ರಾಜನೇ. ಅದಕ್ಕೇ ಊರವರಿಗೆ ಅವನ ಮೇಲೆ ಸಿಟ್ಟು" ಅಂದಳು. ನೋಟ್‌ಬುಕ್‌ನಲ್ಲಿ ಈವರೆಗೆ ಸಿಟ್ಟಿಗೆ ಕಾರಣವೇ ಇರಲಿಲ್ಲ. ಮರುಭೂಮಿ ಬಿಟ್ಟುಕೊಡಲು ಒಪ್ಪಲಿಲ್ಲ. ಅಲ್ಲಿ ಒಂಟೆ ಇದೆಯಂತೆ.

ಹಳೇ ಹಾಳೆ ಉಳಿಸುವ ಆಸೆ ಬಿಟ್ಟೆ. ಯಾರೋ ಖಾಸಗಿಯಾಗಿ ಬರೆದಿದ್ದರು, ಕಲೆಯನ್ನು ಮಂಜು ಮಾಡಿಬಿಡಿ ಅಂತ. "ಕಬ್ಬಿನ ಗದ್ದೆ ಮೇಲೆ ಮಂಜು ಯಾಕೆ?" ಅಂತ ಅವಳು ಕೇಳಿದಳು. ಉತ್ತರ ಇರಲಿಲ್ಲ. ಕಿಟಕಿ ಗಾಜಿಗೆ ಹಳೆಯದನ್ನು ಅಂಟಿಸಿ, ಮೇಲೆ ಹೊಸ ಹಾಳೆ ಇಟ್ಟು ಬೆಳಕಿನಲ್ಲಿ ಪೆನ್ಸಿಲ್‌ನಿಂದ ನಕಲು ತೆಗೆಯುತ್ತೇನೆ.

ಕುಂಚಕೋಲು

300 ಜಿಎಸ್‌ಎಂ ಮೂಲಕ ಬೆಳಕು ಸರಿಯಾಗಿ ಬರುವುದಿಲ್ಲ, ಅದೂ ನಿಮ್ಮ ಮಳೆಗಾಲದ ಬೆಳಕು. ಹಳೆಯದರ ಗೆರೆಗಳ ಮೇಲೆ ಗಾಢ ಕಪ್ಪು ಎಳೆದುಕೊಳ್ಳಿ. ಅಥವಾ ಗಾಜಿನ ಟೀಪಾಯಿ ಕೆಳಗೆ ಟೇಬಲ್ ಲ್ಯಾಂಪ್ ಇಡಿ.

ಬಣ್ಣ ಹಾಕುವ ಮೊದಲು ಹಾಳೆಯ ನಾಲ್ಕೂ ಅಂಚನ್ನು ಪ್ಲೈವುಡ್‌ಗೆ ಟೇಪ್ ಹಾಕಿ. ಪೂರ್ತಿ ಒಣಗುವವರೆಗೆ ತೆಗೆಯಬೇಡಿ. ಸಮುದ್ರಕ್ಕೆ ಮೊದಲು ಬರೀ ನೀರು, ಕರಾವಳಿಯಿಂದ ಒಂದಂಗುಲ ಆಚೆವರೆಗೆ. ಆಮೇಲೆ ಗೆರೆಯ ಅಂಚಿಗೆ ಮಾತ್ರ ಗಾಢ ನೀಲಿ. ಅದು ತಾನೇ ಹೊರಗೆ ಹರಡಿ ತೆಳುವಾಗುತ್ತದೆ. ಅರ್ಧ ಒಣಗಿದಾಗ ಮತ್ತೆ ನೀರು ತಾಗಿಸಿದರೆ ಹೂಕೋಸಿನ ತರಹ ಕಲೆ ಬೀಳುತ್ತದೆ. ಕೈ ಕಟ್ಟಿ ಕೂತುಕೊಳ್ಳಿ.

ಹಳೇ_ಡ್ರಾಫ್ಟ್ಸ್‌ಮನ್

ಅಳತೆಯ ಪಟ್ಟಿ ಮರೆಯಬೇಡಿ ತಂಗಿ. ಕಿಲೋಮೀಟರ್ ಬೇಡ, ಹರದಾರಿ ಹಾಕಿ. ಸುಮಾರು ಮೂರು ಮೈಲಿ ಒಂದು ಹರದಾರಿ. ಹುಡುಗಿ ದಿನಕ್ಕೆ ಐದು ಹರದಾರಿ ನಡೆದರೆ ಹೆಚ್ಚು.

ಅಟ್ಟದಮೇಲೆ

ಇಪ್ಪತ್ತಮೂರು ದಿನ ಆದ ಮೇಲೆ ಬಂದಿದ್ದೇನೆ. ಮುಗಿಯಿತು! ಗೆರೆ ಮೊದಲು, ಬಣ್ಣ ಆಮೇಲೆ. ಕುಂಚಕೋಲು ಅವರು ಕ್ಷಮಿಸಬೇಕು. ಹೆಸರೆಲ್ಲ ಬೆಟ್ಟಕ್ಕಿಂತ ಮೊದಲು ಬರೆದೆ, ಮೂರು ಗೆರೆ ಎಳೆದುಕೊಂಡೇ. ಕಾಲುವೆ ನೆಟ್ಟಗಿದೆ. ನೆರಳು ಒಂದೇ ಕಡೆ ಇದೆ. ಒಂಟೆ ಇದೆ. ಸಮುದ್ರದಲ್ಲಿ ಒಂದು ಹೂಕೋಸು ಬಿತ್ತು, ಅದನ್ನೇ ಸುಳಿ ಮಾಡಿದೆ. ಫೋಟೊ ನೋಡಿ.

ನಿಬ್ಬುನಾಗ

ಭಲೇ! ಮರಗಳು ಎಷ್ಟು ಚೆನ್ನಾಗಿ ಬಂದಿವೆ.

ಕುಂಚಕೋಲು

ಕ್ಷಮಿಸಿದೆ. ಸಮುದ್ರ ನೋಡಿ ಕ್ಷಮಿಸಿದೆ, ಗೆರೆ ನೋಡಿ ಅಲ್ಲ.

ಭೂಗೋಳಮೇಷ್ಟ್ರು

ಮರುಭೂಮಿ ಇನ್ನೂ ಪಶ್ಚಿಮಕ್ಕೇ ಇದೆ ಅಂತ ಬರೆಯಲು ಹೊರಟಿದ್ದೆ. ಆದರೆ ನಿಮ್ಮ ದಿಕ್ಸೂಚಿ ನೋಡಿದರೆ ಅದು ಪೂರ್ವಕ್ಕಿದೆ.

ಅಟ್ಟದಮೇಲೆ

ಅಂದರೆ?

ಭೂಗೋಳಮೇಷ್ಟ್ರು

ಮೇಲೆ ಉ, ಕೆಳಗೆ ದ, ಸರಿ. ಎಡಗಡೆ ಪೂ ಅಂತಿದೆ, ಬಲಗಡೆ ಪ ಅಂತಿದೆ.

ಸುಮ್ನೆ_ಓದೋನು

ಈ ಸಲ ಪೂರ್ತಿ ನಕ್ಕೆ.

ಅಟ್ಟದಮೇಲೆ

ಅಯ್ಯಯ್ಯೋ.

ಹಳೇ_ಡ್ರಾಫ್ಟ್ಸ್‌ಮನ್

ಗಾಬರಿ ಬೇಡ. ಬಲಗಡೆ ಪಕ್ಕೆ ಕೊಂಬಿನ ಇಳಿ ಎಳೆಯಿರಿ, ಅದು ಸುಲಭ. ಎಡಗಡೆ ಕೊಂಬನ್ನು ಕೆರೆಯಬೇಕು. ಅರ್ಧ ಬ್ಲೇಡ್, ಮಲಗಿಸಿ ಹಿಡಿಯಿರಿ, ಉಸಿರು ಬಿಗಿಹಿಡಿಯಬೇಡಿ. ಒಂದೇ ಸಲ.

ಅಟ್ಟದಮೇಲೆ

ಬ್ಲೇಡ್ ತಂದೆ. ಅವಳು ಹಾಳೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾಳೆ. ಗುಬ್ಬಿನಾಡಲ್ಲಿ ಸೂರ್ಯ ಎಡಗಡೆಯಿಂದಲೇ ಹುಟ್ಟೋದಂತೆ.

ಭೂಗೋಳಮೇಷ್ಟ್ರು

ಹಾಗಾದರೆ ಮರುಭೂಮಿ ಸರಿಯಾದ ಜಾಗದಲ್ಲೇ ಇದೆ. ಕೆರೆಯಬೇಡಿ.